ಎರಡು ನದಿಗಳ ನಡುವಣ ನಾಡು

ಫ್ರಾನ್ಸಿನ ಲ್ವಾರ್ ನದಿಯೆಂದೊಡನೆ ದಂಡೆಯ ಅರಮನೆಗಳು ನೆನಪಾಗುತ್ತವೆ. ಕೃಷ್ಣಾ, ಭೀಮಾ ನದಿಗಳ ನಡುವಣ ನಮ್ಮ ಸಗರನಾಡಿಗೂ ಅದರದೇ ಆದ ವೈಭವವಿತ್ತು. ಬಂಡೆಗಲ್ಲುಗಳ ಬೆಟ್ಟಗಳು ಸುತ್ತುವರಿದ ಸುರಪುರದಲ್ಲಿ, ಕಂಪನಿಯ ಅಧಿಕಾರಿ ಮೆಡೋಸ್ ಟೇಲರ್ ಗುಡ್ಡದ ಮೇಲೆ ಕಟ್ಟಿಸಿದ ಬಂಗಲೆಯೆದುರು ನಿಂತಾಗಲೆಲ್ಲ ನನ್ನನ್ನೊಂದು ವಿಷಾದ ಕಾಡುತ್ತದೆ. ಬಾಲಕ ದೊರೆ ವೆಂಕಟಪ್ಪನಾಯಕನು ತನ್ನ ಪರವಾಗಿ ರಾಜ್ಯವಾಳುತ್ತಿದ್ದ ಟೇಲರ್‌ನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದನು. 1858ರಲ್ಲಿ ಅದೇ ನಾಯಕನು ಕಂಪನಿಯ ವಿರುದ್ಧ ಬಂಡೆದ್ದು ಸೆರೆಸಿಕ್ಕನು. ಚೆಂಗಲ್ಪಟ್ಟಿನ ಸೆರೆಮನೆಗೆ ಒಯ್ಯುವ ದಾರಿಯಲ್ಲಿ ಪಿಸ್ತೂಲಿನ ಗುಂಡಿಗೆ ಬಲಿಯಾದನು. 1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು. ನಾಯಕರ ಆಶ್ರಯದಲ್ಲಿ ಅರಳಿದ್ದ, ಚಿನ್ನದ ಬಣ್ಣ ಮಿನುಗುವ ಸುರಪುರದ ಕಿರುಚಿತ್ರಕಲೆ ಆ ಆಸರೆಯನ್ನು ಕಳೆದುಕೊಂಡಿತು. ಉಳಿದಿರುವ ಚಿತ್ರಗಳನ್ನಾದರೂ ಕಾಪಾಡುವುದು ಈ ನೆಲಕ್ಕೆ ನಾವು ಸಲ್ಲಿಸಬೇಕಾದ ಋಣವೆಂದು ನಾನು ಭಾವಿಸುತ್ತೇನೆ.