ಬೆಲ್ಲದ ಕೊಪ್ಪರಿಗೆ ಮತ್ತು ಬೆಸುಗೆ: ಕೋಲಾರ ಸೀಮೆಯ ಲೋಹ ಜೋಡಣೆ

ಜನಪದ ತಂತ್ರಜ್ಞಾನದ ಅಧ್ಯಯನದಲ್ಲಿ ಪಾತ್ರೆಯ ಆಕಾರ, ಹೆಸರು ಮತ್ತು ಬಳಕೆಗೆ ದೊರೆತಷ್ಟು ಗಮನ ಅದರ ಜೋಡಣೆಗೆ ದೊರೆತಿಲ್ಲ. ಒಂದು ತಗಡನ್ನು ಇನ್ನೊಂದಕ್ಕೆ ಕೂಡಿಸಿದ ಬಗೆಯಲ್ಲಿ ಆ ಪಾತ್ರೆ ತಾಳಬೇಕಾದ ಬೆಂಕಿ, ಅದರಲ್ಲಿ ಬೇಯುವ ವಸ್ತು, ಅದನ್ನು ಮಾಡಿದವನ ವಿವೇಚನೆ ಮೂರೂ ಅಡಗಿರುತ್ತವೆ. ಆಲೆಮನೆಯ ಕೊಪ್ಪರಿಗೆ ಇದಕ್ಕೆ ನಿದರ್ಶನ.

ಕೋಲಾರ ಸೀಮೆಯನ್ನು ಚಿನ್ನದಿಂದ ಗುರುತಿಸುವುದು ರೂಢಿಯಾದರೂ, ಗಣಿಗಾರಿಕೆಗೆ ಮುನ್ನವೇ ಇಲ್ಲಿ ಕಬ್ಬು ಬೆಳೆಯುತ್ತಿತ್ತು. 1800ರಲ್ಲಿ ಬೇತಮಂಗಲದ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಕೋಲಾರದ ಕಬ್ಬಿನ ಬೇಸಾಯವನ್ನು ದಾಖಲಿಸಿದ್ದಾನೆ. 1880ರ ದಶಕದಲ್ಲಿ ಜಾನ್ ಟೇಲರ್ ಸಂಸ್ಥೆಯ ಆಡಳಿತದಲ್ಲಿ ಗಣಿಗಳು ಬೆಳೆದವು; 1894ರಲ್ಲಿ ಅಂದಿನ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಗಣಿಪ್ರದೇಶಕ್ಕೆ ರೈಲು ಬಂದಿತು. ಹೀಗೆ ಕೆರೆಯ ಕೆಳಗಿನ ಕಬ್ಬಿನ ಗದ್ದೆಯೂ ಚಾಂಪಿಯನ್ ರೀಫ್ಸ್‌ನ ಯಂತ್ರಾಗಾರವೂ ಒಂದೇ ಸೀಮೆಯ ನೆರೆಹೊರೆಯಾದವು.

ಇಂತಹ ಸೀಮೆಯಲ್ಲಿ ಲೋಹವನ್ನು ಕೂಡಿಸುವ ಹಲವು ವಿಧಾನಗಳಿದ್ದವು. ಅಕ್ಕಸಾಲಿಗನು ಬಿಳಿಗಾರವನ್ನು ಹಾಕಿ ಆಭರಣದ ಸಂದನ್ನು ಬೆಸೆಯುತ್ತಿದ್ದನು. ತಗಡಿನ ಕೆಲಸದವನು ತವರ ಮತ್ತು ಸೀಸದ ಮಿಶ್ರಣದಿಂದ ಚಿಮಣಿ ದೀಪ, ಆಲಿಕೆಗಳಿಗೆ ಬೆಸುಗೆ ಹಾಕುತ್ತಿದ್ದನು. ಕಲಾಯಿಯವನು ನವಸಾಗರದಿಂದ ಹಿತ್ತಾಳೆಯನ್ನು ಶುಚಿಗೊಳಿಸಿ ಒಳಮೈಗೆ ತವರ ಬಳಿಯುತ್ತಿದ್ದನು. ಇದು ಜೋಡಣೆಯಲ್ಲ, ಲೇಪನ. ಕಬ್ಬಿಣದ ಕೊಪ್ಪರಿಗೆಯಲ್ಲಾದರೋ ತಗಡುಗಳ ಅಂಚನ್ನು ಒಂದರ ಮೇಲೊಂದು ಇರಿಸಿ ರಿವೆಟ್ ಬಡಿಯುವುದೇ ಕ್ರಮ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬರುವವರೆಗೆ ಗಣಿಯ ಯಂತ್ರಗಳನ್ನು ನಡೆಸಿದ ಉಗಿಯ ಬಾಯ್ಲರುಗಳ ಜೋಡಣೆಯೂ ಇದೇ ತತ್ತ್ವದ್ದು.

ಸುಲಭವಾದ ಬೆಸುಗೆಯನ್ನು ಬಿಟ್ಟು ಶ್ರಮದ ರಿವೆಟನ್ನು ಆರಿಸಿದ್ದೇಕೆ? ತವರ-ಸೀಸದ ಬೆಸುಗೆ ಸುಮಾರು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಲಾರಂಭಿಸುತ್ತದೆ. ಬೆಲ್ಲದ ಪಾಕ ಹದಕ್ಕೆ ಬರುವುದು ಸುಮಾರು 118 ಡಿಗ್ರಿಯಲ್ಲಿ. ರಸವಿರುವಷ್ಟು ಕಾಲ ತಗಡಿನ ಶಾಖವನ್ನು ರಸವೇ ಹೀರಿಕೊಳ್ಳುವುದರಿಂದ ಬೆಸುಗೆಗೆ ಅಪಾಯವಿಲ್ಲ. ಆದರೆ ರಸ ತಗ್ಗಿದಾಗ ಬರಿದಾಗುವ ಅಂಚು, ಕಬ್ಬಿನ ಸಿಪ್ಪೆಯ ಉರಿ ತಾಗುವ ತಳ ಈ ಮಿತಿಯನ್ನು ಬಹುಬೇಗ ಮೀರಬಲ್ಲವು. ಸಂದು ಬಿಟ್ಟರೆ ಇಡೀ ಅಡಿಗೆಯ ಪಾಕ ಒಲೆಯ ಪಾಲು. ಕಬ್ಬಿನ ರಸ ತುಸು ಆಮ್ಲಗುಣದ್ದಾದುದರಿಂದ ಬೆಸುಗೆಯ ಸೀಸ ಆಹಾರವನ್ನು ಸೇರುವ ಭಯವೂ ಉಂಟು.

ಈ ಸಮಸ್ಯೆ ಕನ್ನಡ ನಾಡಿಗಷ್ಟೇ ಸೀಮಿತವಲ್ಲ. ಉತ್ತರ ಅಮೆರಿಕದಲ್ಲಿ ಮೇಪಲ್ ಮರದ ರಸವನ್ನು ಕುದಿಸಿ ಪಾಕ ತೆಗೆಯುವವರು ತಗಡಿನ ಬಾಣಲೆಗಳನ್ನು ಸೀಸದ ಬೆಸುಗೆಯಿಂದಲೇ ಜೋಡಿಸುತ್ತಿದ್ದರು. ಅಲ್ಲಿ ಸುಮಾರು 40 ಪಾಲು ರಸ ಒಂದು ಪಾಲು ಪಾಕವಾಗುತ್ತದೆ. ರಸ ಇಂಗಿದಂತೆ ಅದರಲ್ಲಿ ಸೇರಿದ ಸೀಸವೂ ಸಾಂದ್ರವಾಗುತ್ತದೆ. ಸೀಸದ ಅಪಾಯ ಅರಿವಾದ ಮೇಲೆ ಅವರು ವೆಲ್ಡಿಂಗ್ ಮಾಡಿದ ತುಕ್ಕುರಹಿತ ಉಕ್ಕಿನ ಬಾಣಲೆಗಳತ್ತ ತಿರುಗಿದರು. ರಿವೆಟ್ ಬಡಿದ ಕೊಪ್ಪರಿಗೆಗೆ ಆ ಕಂಟಕವಿರಲಿಲ್ಲ. ಅದನ್ನು ಒರಟು ಕೆಲಸವೆಂದು ಎಣಿಸುವ ದೃಷ್ಟಿ ಆದುದರಿಂದ ಮರುಪರಿಶೀಲನೆಗೆ ಅರ್ಹವಾಗಿದೆ.

2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗಳು ಮುಚ್ಚಿದವು. ವಿದ್ಯುತ್ ವೆಲ್ಡಿಂಗ್ ಬಂದ ಮೇಲೆ ರಿವೆಟ್ ಬಡಿಯುವ ಕೈಗಳೂ ವಿರಳವಾಗಿವೆ. ಹಳೆಯ ಕೊಪ್ಪರಿಗೆ ಗುಜರಿಯ ತಕ್ಕಡಿಯಲ್ಲಿ ಬರಿಯ ಕಬ್ಬಿಣವಾಗಿ ತೂಗಲ್ಪಡುತ್ತದೆ. ಅದರ ಸಂದಿನಲ್ಲಿರುವ ಅರಿವಿಗೆ ಬೆಲೆ ಕಟ್ಟುವವರಿಲ್ಲ. ವಸ್ತುಸಂಗ್ರಹಾಲಯಗಳ ದಾಖಲೆಗಳಲ್ಲಿ ಕೊಪ್ಪರಿಗೆಯ ಅಗಲ, ಆಳಗಳ ಜೊತೆಗೆ ತಗಡುಗಳ ಸಂಖ್ಯೆ, ರಿವೆಟ್‌ಗಳ ಅಂತರ, ತೇಪೆಯ ಗುರುತು, ಜೋಡಣೆಯ ವಿಧಾನ ಇವೂ ಸೇರಬೇಕು. ಬರೆದಿಡದ ಕುಶಲಕರ್ಮಿಯ ಬರವಣಿಗೆ ಇರುವುದು ಆ ಸಂದಿನಲ್ಲಿಯೇ.