ಗಾಲಿ ಗುಂಯ್ ಎಂದರೆ: ಮೌಂಟ್ ರೋಡಿನಿಂದ ಒಂದು ಚರಿತ್ರೆ



2015ರ ಡಿಸೆಂಬರ್ ಮಳೆಯನ್ನು ಚೆನ್ನೈಯ ನಾವ್ಯಾರೂ ಮರೆತಿಲ್ಲ. ವೇಳಚೇರಿಯ ನಮ್ಮ ಬೀದಿಯಲ್ಲಿ ಎರಡು ದಿನ ನೀರು ನಿಂತಿತ್ತು, ಕಾರಿನ ಗಾಲಿಗಳು ಪೂರ್ತಿ ಮುಳುಗಿದ್ದವು. ನೀರಿಳಿದ ಮೇಲೆ ವರ್ಕ್‌ಷಾಪಿನವರು ಎಂಜಿನ್ ಆಯಿಲ್ ಬದಲಿಸಿ, ಸೀಟು ಒಣಗಿಸಿ ಕೊಟ್ಟರು. ಕಾರು ಸ್ಟಾರ್ಟ್ ಆಯಿತು. ಗೆದ್ದೆವು ಎಂದುಕೊಂಡೆವು. ಗಾಲಿಯ ಕಡೆ ಅವರೂ ನೋಡಲಿಲ್ಲ, ನಾನೂ ಕೇಳಲಿಲ್ಲ.

ಮುಂದಿನ ಯುಗಾದಿಗೆ ಮನೆಮಂದಿಯೆಲ್ಲ ಬೆಂಗಳೂರಿಗೆ ಹೊರಟೆವು. ಶ್ರೀಪೆರುಂಬುದೂರು ದಾಟುತ್ತಿದ್ದಂತೆ ಮುಂದಿನ ಎಡಗಾಲಿಯ ಕಡೆಯಿಂದ ದುಂಬಿ ಗುಂಯ್‌ಗುಟ್ಟಿದ ಹಾಗೆ ಸದ್ದು. ನಾನು ಮಾಡಿದ್ದೇನು ಗೊತ್ತೇ? ರೇಡಿಯೊ ಜೋರು ಮಾಡಿದೆ! ವೆಲ್ಲೂರಿನ ಹತ್ತಿರ ಇನ್ನು ತಡೆಯಲಾರದೆ ನಿಲ್ಲಿಸಿದೆ. ರಸ್ತೆ ಬದಿಯ ಮೆಕ್ಯಾನಿಕ್ ಒಬ್ಬರು ಜಾಕ್ ಏರಿಸಿ, ಗಾಲಿ ತಿರುಗಿಸಿ, ಸ್ಪ್ರಿಂಗಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. "ಬೇರಿಂಗ್ ಪೋಚ್ಚು, ಸಾರ್" ಎಂದರು. "ಸ್ವಲ್ಪ ಗ್ರೀಸ್ ಹಾಕಿಕೊಡಿ, ಬೆಂಗಳೂರಿನಲ್ಲಿ ನೋಡಿಕೊಳ್ಳುತ್ತೇನೆ" ಎಂದೆ. ಅವರು ನಕ್ಕುಬಿಟ್ಟರು.

ಯಾಕೆ ನಕ್ಕರು? ಅದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಅಜ್ಜಂದಿರ ಎತ್ತಿನ ಗಾಡಿಯ ಕೆಳಗೆ ಕೀಲೆಣ್ಣೆ ತೂಗಾಡುತ್ತಿತ್ತು. ಅಚ್ಚು ಕಿರ್ರೆಂದರೆ ಗಾಡಿ ನಿಲ್ಲಿಸಿ, ಕಡಾಣಿ ಕಿತ್ತು, ಗಾಲಿ ಸರಿಸಿ ಎಣ್ಣೆ ಹಚ್ಚುವುದು. ಸದ್ದು ಎಂದರೆ "ಎಣ್ಣೆ ಕೊಡು" ಎಂಬ ಬೇಡಿಕೆ, ಅಷ್ಟೆ. ಮದರಾಸಿನ ಕುದುರೆ ಸಾರೋಟುಗಳಿಗೂ ಇದೇ ಉಪಚಾರ. 1840ರಲ್ಲಿ ಶುರುವಾದ ಮೌಂಟ್ ರೋಡಿನ ಸಿಂಪ್ಸನ್ ಕಂಪನಿ ಇಂಥ ಸಾರೋಟುಗಳನ್ನು ಕಟ್ಟುತ್ತಿತ್ತು. ಅದೇ ಸಿಂಪ್ಸನ್ನಿನಲ್ಲಿ 1903ರಲ್ಲಿ ಸ್ಯಾಮ್ಯುಯೆಲ್ ಜಾನ್ ಗ್ರೀನ್ ಹಬೆಯಿಂದ ಓಡುವ ಕಾರು ಕಟ್ಟಿದರು. ಸಾರೋಟು ಕಟ್ಟುತ್ತಿದ್ದ ಕಡೆಯೇ ಕಾರೂ ಹುಟ್ಟಿತು.

ಅಮೆರಿಕದಲ್ಲೂ ಕಥೆ ಹೀಗೆಯೇ. ಹೆನ್ರಿ ಟಿಮ್ಕೆನ್ ಎಂಬುವರು ಸಾರೋಟು ತಯಾರಕರು. ಭಾರ ಹೊತ್ತ ಬಂಡಿ ತಿರುವಿನಲ್ಲಿ ಪಡುವ ಕಷ್ಟ ನೋಡಿ, ಒಂದು ಕಡೆ ಸಣ್ಣಗಾಗುವ ಉರುಳೆಗಳ ಬೇರಿಂಗಿಗೆ 1898ರಲ್ಲಿ ಪೇಟೆಂಟ್ ಪಡೆದರು. ಅದೇ ಟೇಪರ್ ಬೇರಿಂಗ್. ಮೇಲಿನ ಭಾರವನ್ನೂ ತಿರುವಿನ ಪಕ್ಕದ ಒತ್ತಡವನ್ನೂ ಒಟ್ಟಿಗೆ ತಡೆಯುವುದು ಅದರ ಹೆಚ್ಚುಗಾರಿಕೆ.

ನಮ್ಮೂರಿಗೆ ಬರೋಣ. 1961ರಿಂದ ವಂಡಲೂರಿನ ಬಳಿ ಪೆರುಂಗಳತ್ತೂರಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ತಯಾರಾಗತೊಡಗಿತು. ಅದರ ಮುಂದಿನ ಗಾಲಿಗಳಲ್ಲಿ ಇದ್ದದ್ದು ಈ ಟೇಪರ್ ಬೇರಿಂಗೇ. ಸದ್ದು ಬಂದರೆ ಮೆಕ್ಯಾನಿಕ್ ಗ್ರೀಸ್ ಮುಚ್ಚಳ ತೆಗೆದು, ಸ್ಪ್ಲಿಟ್ ಪಿನ್ ಎಳೆದು, ನಟ್ ಬಿಚ್ಚಿ, ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸ್ ತುಂಬುತ್ತಿದ್ದ. ನಟ್ಟನ್ನು ಬಿಗಿಮಾಡಿ ಮತ್ತೆ ಒಂದಿಷ್ಟು ಸಡಿಲಿಸಿ, ಹೊಸ ಪಿನ್ ಹಾಕುತ್ತಿದ್ದ. ಹೆಚ್ಚು ಬಿಗಿಯಾದರೆ ಬೇರಿಂಗ್ ಕಾಯುತ್ತದೆ, ಕಡಿಮೆಯಾದರೆ ಗಾಲಿ ಅಲ್ಲಾಡುತ್ತದೆ. ಆ ಪಿನ್ ನೋಡಿದರೆ ಅಜ್ಜನ ಕಡಾಣಿಯ ಮೊಮ್ಮಗ ಎನ್ನಬೇಕು!

ಅದೇ ಕಾಲದಲ್ಲಿ ಉತ್ತರ ಚೆನ್ನೈ ದೇಶದ ಗಾಲಿ ಕಾರ್ಖಾನೆಯಾಯಿತು. ಪಾಡಿಯಲ್ಲಿ ವೀಲ್ಸ್ ಇಂಡಿಯಾ ಚಕ್ರ, ಬ್ರೇಕ್ಸ್ ಇಂಡಿಯಾ ಬ್ರೇಕು. 1946ರಲ್ಲಿ ತಿರುವೊಟ್ರಿಯೂರಿನಲ್ಲಿ ಆಟದ ಬಲೂನು ಮಾಡುತ್ತಿದ್ದ ಎಂಆರ್‌ಎಫ್ 1960ರ ದಶಕದಲ್ಲಿ ಟೈರಿಗೆ ಇಳಿಯಿತು. ನಮ್ಮ ಉಡುಪಿ ಕಡೆಯ ಕೃಷ್ಣರಾಯರು 1962ರಲ್ಲಿ ಕೆಥೆಡ್ರಲ್ ರೋಡಿನಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್ ಇನ್ ತೆರೆದರು. ಗಾಜು ಇಳಿಸಿ, ಬಾಗಿಲಿಗೆ ತಟ್ಟೆ ಸಿಕ್ಕಿಸಿ ತಿಂಡಿ ತಿಂದ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. 2008ರಲ್ಲಿ ಅದು ಮುಚ್ಚಿತು. ಗಾಜು ಇಳಿಸಿ ಓಡಿಸುವ ಆ ಕಾಲದಲ್ಲಿ ಗಾಲಿಯ ಮಾತು ಕಿವಿಗೆ ನೇರವಾಗಿ ಬೀಳುತ್ತಿತ್ತು.

1983ರ ಕೊನೆಗೆ ಮಾರುತಿ 800 ಬಂತು. ಮುಂದಿನ ಗಾಲಿಗಳೇ ಕಾರನ್ನು ಎಳೆಯುವುದು ಮಾಮೂಲಾಯಿತು. 1998ರಲ್ಲಿ ಇರುಂಗಾಟ್ಟುಕೋಟ್ಟೈಯಿಂದ ಸ್ಯಾಂಟ್ರೊ ಹೊರಬಂತು. ಕ್ರಮೇಣ ಹೊಸ ಕಾರುಗಳಲ್ಲಿ ಎಲ್ಲೆಲ್ಲೂ ಸೀಲ್ ಮಾಡಿದ ಬೇರಿಂಗುಗಳೇ ಆದವು. ಅದರ ಗ್ರೀಸು ಕಾರ್ಖಾನೆಯಲ್ಲೇ ತುಂಬಿ ಮುಚ್ಚಿದ್ದು. ಬಿಚ್ಚುವ ಹಾಗಿಲ್ಲ, ತುಂಬುವ ಹಾಗಿಲ್ಲ. ವರ್ಷಾನುಗಟ್ಟಲೆ ಅದು ಏನನ್ನೂ ಕೇಳುವುದಿಲ್ಲ, ಸುಮ್ಮನೆ ದುಡಿಯುತ್ತದೆ. ಆದರೆ ಅದರ ಸೀಲು ಮಳೆನೀರಿನ ಎರಚಲು ತಡೆಯಲಿಕ್ಕೆ ಇರುವುದು, ದಿನಗಟ್ಟಲೆ ಮುಳುಗಿರಲಿಕ್ಕಲ್ಲ. ನೀರು ಒಳಹೊಕ್ಕರೆ ಗ್ರೀಸು ಕೆಟ್ಟು, ಉಕ್ಕು ತುಕ್ಕು ಹಿಡಿದು, ತಿಂಗಳುಗಳ ನಂತರ ಸದ್ದು ಶುರುವಾಗುತ್ತದೆ.

ಮೆಕ್ಯಾನಿಕ್ ನಕ್ಕದ್ದು ಇದಕ್ಕೇ. ಅಜ್ಜನ ಗಾಲಿ ಸದ್ದು ಮಾಡಿದರೆ "ಎಣ್ಣೆ ಕೊಡು" ಎಂದರ್ಥ. ಇಂದಿನ ಗಾಲಿ ಸದ್ದು ಮಾಡಿದರೆ "ನನ್ನ ಕೆಲಸ ಮುಗಿಯಿತು" ಎಂದರ್ಥ. ಅರ್ಥ ಬದಲಾಯಿತು, ನಮ್ಮ "ಆಮೇಲೆ ನೋಡೋಣ" ಮಾತ್ರ ಬದಲಾಗಲಿಲ್ಲ. ಹಾಳಾದ ಬೇರಿಂಗಿನಲ್ಲೇ ಓಡಿಸಿದರೆ ಅದು ಕಾದು, ಸಡಿಲಾಗಿ, ಕೊನೆಗೆ ಗಾಲಿಯೇ ಹಿಡಿತ ತಪ್ಪಬಹುದು. ಹಿಂದಿನ ಸೀಟಿನಲ್ಲಿ ಮಕ್ಕಳು ಮಲಗಿದ್ದರು ಎಂಬುದು ನನಗೆ ಆಗ ನೆನಪಾಯಿತು.

ಹಾಗಾದರೆ ಯಾವ ಸದ್ದಿಗೆ ಯಾವ ಅರ್ಥ?

ವೇಗದ ಜೊತೆ ಏರುವ ಗುಂಯ್ ಸದ್ದು ಬಂದರೆ, ಅದೇ ವೇಗದಲ್ಲಿ ಗೇರ್ ಬದಲಿಸಿ ನೋಡಿ. ಸದ್ದು ಬದಲಾಗದಿದ್ದರೆ ಎಂಜಿನ್ನಿನದಲ್ಲ, ಗಾಲಿಯ ಕಡೆಯದು. ಬಲಕ್ಕೆ ತಿರುಗುವಾಗ ಹೆಚ್ಚಾದರೆ ಸಾಮಾನ್ಯವಾಗಿ ಎಡಗಡೆಯ ಬೇರಿಂಗು, ಏಕೆಂದರೆ ಆಗ ಭಾರ ಎಡಕ್ಕೆ ಬೀಳುತ್ತದೆ. ಎಡಕ್ಕೆ ತಿರುಗುವಾಗ ಹೆಚ್ಚಾದರೆ ಬಲಗಡೆಯದು. ರಸ್ತೆ ಡಾಂಬರಿನಿಂದ ಕಾಂಕ್ರೀಟಿಗೆ ಬದಲಾದಾಗ ಸದ್ದೂ ಬದಲಾದರೆ ಟೈರನ್ನು ಸಂಶಯಿಸಿ. ಟೈರಿನ ಮೇಲೆ ಕೈಯಾಡಿಸಿದರೆ ಗರಗಸದ ಹಲ್ಲಿನಂತೆ ಏರುಪೇರು ತಿಳಿಯುತ್ತದೆ.

ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊರಡುವಾಗ ಕಟಕಟ ಎಂದರೆ ಮುಂದಿನ ಆಕ್ಸಲ್ ಜಾಯಿಂಟು ಸವೆದಿರಬಹುದು. ಸುತ್ತಿಗೊಂದು ಟಿಕ್ ಎಂದರೆ ಟೈರಿನಲ್ಲಿ ಕಲ್ಲೋ ಮೊಳೆಯೋ ಇದ್ದೀತು. ಬ್ರೇಕ್ ಒತ್ತಿದಾಗ ಕಬ್ಬಿಣ ಉಜ್ಜಿದಂತೆ ಗರ್ರೆಂದರೆ ಪ್ಯಾಡು ಮುಗಿದಿದೆ, ತಡಮಾಡಬೇಡಿ. ಮಳೆಯ ಮರುದಿನ ಮೊದಲ ಎರಡು ಮೂರು ಬ್ರೇಕಿಗೆ ಕೇಳಿ ಮಾಯವಾಗುವ ಉಜ್ಜು ಸದ್ದು ಮಾತ್ರ ಬ್ರೇಕ್ ಡಿಸ್ಕಿನ ಮೇಲ್‌ತುಕ್ಕು. ಕಡಲ ತೀರದ ಊರಿನಲ್ಲಿ ಅದು ಇದ್ದದ್ದೇ. ಆದರೆ ಗಾಲಿ ಬಿಚ್ಚಿ ಹಾಕಿದ ಮೇಲೆ ಧಡಧಡ ಎಂದರೆ ಕೂಡಲೇ ನಿಲ್ಲಿಸಿ, ನಟ್ಟುಗಳು ಸಡಿಲವಿರಬಹುದು.

ಬೇರಿಂಗ್ ಬದಲಿಸುವಾಗ ಪುದುಪೇಟೆಯ ಹಳೆಯದು ಬೇಡ, ಹೊಸದೇ ಇರಲಿ. ಸುತ್ತಿಗೆಯಲ್ಲಿ ಬಡಿದು ಕೂರಿಸಲು ಬಿಡಬೇಡಿ, ಏಟಿಗೆ ಒಳಗಿನ ಪಥ ಹಾಳಾಗುತ್ತದೆ. ಪ್ರೆಸ್ಸಿನಲ್ಲಿ ಒತ್ತಿ ಕೂರಿಸಬೇಕು. ನಮ್ಮ ವೆಲ್ಲೂರಿನ ಮೆಕ್ಯಾನಿಕ್ ಹಾಗೆಯೇ ಮಾಡಿಸಿಕೊಟ್ಟರು. ಮೂರು ಗಂಟೆ ತಡವಾಯಿತು. ಬೇವುಬೆಲ್ಲ ಮಾತ್ರ ಸಮಯಕ್ಕೆ ಸಿಕ್ಕಿತು.

ಕೊನೆಗೊಂದು ಮಾತು. ನಮ್ಮ ಕನ್ನಡ ಕಾರ್ಯಕ್ರಮವನ್ನು ತಪ್ಪದೆ ಕೇಳಿ. ಆದರೆ ವಾರಕ್ಕೊಮ್ಮೆ ಐದು ನಿಮಿಷ, ಕಾರ್ಯಕ್ರಮ ಮುಗಿದ ಮೇಲೆ, ರೇಡಿಯೊ ಆರಿಸಿ, ಎಸಿ ಆರಿಸಿ, ಗಾಜು ಇಳಿಸಿ ಓಡಿಸಿ. ಗಾಲಿಯೂ ಏನೋ ಹೇಳುತ್ತಿರುತ್ತದೆ. ಅದನ್ನೂ ಕೇಳಿಸಿಕೊಳ್ಳೋಣ.