109ನೇ ಮನೆಯ ಒಡತಿ

ಅಕ್ಕನ ಮಗಳು ಈಗ ಹತ್ತನೇ ಕ್ಲಾಸು. ಓದುವ ಮೇಜಿನ ಎದುರು ಗೋಡೆಗೆ ಆವರ್ತ ಕೋಷ್ಟಕದ ಚಾರ್ಟ್ ಅಂಟಿಸಿಕೊಂಡಿದ್ದಾಳೆ. ಮೊನ್ನೆ ಭಾನುವಾರ ಕೇಳಿದಳು: "ಮಾಮ, ಇದರಲ್ಲಿ ಹೆಂಗಸರ ಹೆಸರೇ ಇಲ್ವಾ?"

"96 ನೋಡು, ಕ್ಯೂರಿಯಂ" ಅಂದೆ.

"ಅದು ಗಂಡ-ಹೆಂಡತಿ ಇಬ್ಬರ ಹೆಸರು ತಾನೇ?"

ಮಾತು ಸರಿಯಾಗಿತ್ತು. ಕೆಳಗಿನ ಸಾಲಿನ 109ರ ಮೇಲೆ ಬೆರಳಿಟ್ಟೆ. ಮೈಟ್ನೇರಿಯಂ. ಪುರಾಣದ ದೇವತೆಗಳನ್ನು ಬಿಟ್ಟರೆ, ಒಬ್ಬಳೇ ಹೆಣ್ಣಿನ ಹೆಸರು ಹೊತ್ತ ಮೂಲವಸ್ತು ಇದೊಂದೇ. ಈ ಹೆಸರಿನ ಹಿಂದೆ ದೊಡ್ಡ ಕಥೆಯಿದೆ.

ಲೀಸ ಮೈಟ್ನರ್ ವಿಯೆನ್ನಾದವರು. 1907ರಲ್ಲಿ ಬರ್ಲಿನ್‌ಗೆ ಬಂದು ರಸಾಯನಶಾಸ್ತ್ರಜ್ಞ ಒಟ್ಟೊ ಹಾನ್ ಜೊತೆ ಮೂವತ್ತು ವರ್ಷ ಕೆಲಸ ಮಾಡಿದರು. ಹುಟ್ಟಿದ್ದು ಯಹೂದಿ ಮನೆತನದಲ್ಲಿ. 1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ ಮೇಲೆ, ಆ ದೇಶದ ಪಾಸ್‌ಪೋರ್ಟ್ ಕೊಡುತ್ತಿದ್ದ ರಕ್ಷಣೆಯೂ ಹೋಯಿತು. ಜುಲೈನಲ್ಲಿ ಗುಟ್ಟಾಗಿ ಗಡಿ ದಾಟಿದರು. ಕಾವಲಿನವರಿಗೆ ಕೊಡಬೇಕಾಗಿ ಬಂದರೆ ಇರಲಿ ಅಂತ ಹಾನ್ ತಮ್ಮ ತಾಯಿಯ ವಜ್ರದುಂಗುರ ಕೊಟ್ಟು ಕಳಿಸಿದ್ದರು.

ಅದೇ ಡಿಸೆಂಬರ್‌ನಲ್ಲಿ ಸ್ವೀಡನ್ನಿಗೆ ಹಾನ್ ಅವರ ಕಾಗದ ಬಂತು. ಯುರೇನಿಯಂಗೆ ನ್ಯೂಟ್ರಾನ್ ಹೊಡೆದರೆ ಬೇರಿಯಂ ಸಿಗ್ತಿದೆ, ಇದು ಹೇಗೆ ಸಾಧ್ಯ? ಮೈಟ್ನರ್ ಮತ್ತು ಅವರ ಅಕ್ಕನ ಮಗ ಒಟ್ಟೊ ಫ್ರಿಶ್ ಹಿಮದಲ್ಲಿ ನಡೆಯುತ್ತಾ ಉತ್ತರ ಕಂಡುಕೊಂಡರು. ನ್ಯೂಕ್ಲಿಯಸ್ ಒಂದು ನೀರಿನ ಹನಿಯ ಹಾಗೆ. ಮೇಲ್ಮೈ ಎಳೆತ ಅದನ್ನು ಒಟ್ಟಿಗೆ ಹಿಡಿದಿರುತ್ತದೆ. ಒಳಗಿನ ಪ್ರೋಟಾನ್‌ಗಳು ಒಂದನ್ನೊಂದು ದೂಡುತ್ತಿರುತ್ತವೆ. ಯುರೇನಿಯಂ ಹನಿ ಸ್ವಲ್ಪ ಅಲ್ಲಾಡಿದರೆ ಸಾಕು, ಎರಡಾಗುತ್ತದೆ. ಪ್ರೋಟಾನ್ ತೂಕದ ಐದನೇ ಒಂದು ಭಾಗದಷ್ಟು ದ್ರವ್ಯ ಶಕ್ತಿಯಾಗಿ ಹೊರಬರುತ್ತದೆ. ಜೀವಕೋಶ ಒಡೆಯುವುದಕ್ಕೆ ಬಳಸುವ ಪದವನ್ನೇ ಫ್ರಿಶ್ ಇದಕ್ಕೂ ಇಟ್ಟರು. ನಾವು ವಿದಳನ ಅಂತೀವಿ. 1939ರ ಅವರ ಪ್ರಬಂಧದಲ್ಲಿ ಇನ್ನೊಂದು ಮಾತಿತ್ತು: ಪ್ರೋಟಾನ್‌ಗಳ ಸಂಖ್ಯೆ ನೂರರ ಆಸುಪಾಸು ತಲುಪಿದರೆ ಹನಿಯ ಎಳೆತವೇ ಉಳಿಯುವುದಿಲ್ಲ.

ಆದರೆ 1944ರ ರಸಾಯನಶಾಸ್ತ್ರದ ನೊಬೆಲ್ ಹಾನ್ ಒಬ್ಬರಿಗೇ ಹೋಯಿತು. ಜೀವಮಾನದಲ್ಲಿ 40ಕ್ಕೂ ಹೆಚ್ಚು ಸಲ ಹೆಸರು ಸೂಚಿತವಾದರೂ ಮೈಟ್ನರ್ ಅವರಿಗೆ ಬರಲೇ ಇಲ್ಲ. ಬಾಂಬ್ ಕೆಲಸಕ್ಕೆ ಕರೆದಾಗ ಒಲ್ಲೆ ಅಂದವರು, 1968ರಲ್ಲಿ ಕೇಂಬ್ರಿಡ್ಜ್‌ನಲ್ಲಿ ತೀರಿಕೊಂಡರು.

ನೂರರ ಗಡಿ ದಾಟಬೇಕು ಅಂದರೆ ನ್ಯೂಟ್ರಾನ್ ಸಾಲದು, ಎರಡು ನ್ಯೂಕ್ಲಿಯಸ್‌ಗಳನ್ನೇ ಬೆಸೆಯಬೇಕು. ಮೆಲ್ಲಗೆ ಹೊಡೆದರೆ ವಿದ್ಯುತ್ ವಿಕರ್ಷಣೆ ದೂಡಿಬಿಡುತ್ತದೆ. ಜೋರಾಗಿ ಹೊಡೆದರೆ ಬೆಸೆದದ್ದು ಕಾದು ಒಡೆದುಹೋಗುತ್ತದೆ. ಸಮ್ಮಿಲನದ ಬೆನ್ನಿಗೇ ವಿದಳನ ಕಾದು ಕೂತಿರುತ್ತದೆ. 1970ರ ದಶಕದಲ್ಲಿ ರಷ್ಯಾದ ದುಬ್ನಾದಲ್ಲಿ ಯೂರಿ ಒಗನೆಸಿಯನ್ ಉಪಾಯ ತೋರಿಸಿದರು: ಗುರಿಯಾಗಿ ಸೀಸ ಅಥವಾ ಬಿಸ್ಮತ್ ಇಟ್ಟರೆ ಬೆಸುಗೆ ಅಷ್ಟು ಕಾಯುವುದಿಲ್ಲ.

ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಪೀಟರ್ ಆರ್ಮ್‌ಬ್ರುಸ್ಟರ್, ಗಾಟ್‌ಫ್ರೀಡ್ ಮ್ಯೂನ್ಸೆನ್‌ಬೆರ್ಗ್ ತಂಡ ಅದೇ ದಾರಿ ಹಿಡಿಯಿತು. ಬೆಳಕಿನ ವೇಗದ ಸುಮಾರು ಹತ್ತನೇ ಒಂದರಷ್ಟು ವೇಗದಲ್ಲಿ ಕಬ್ಬಿಣದ ಅಯಾನುಗಳನ್ನು ಬಿಸ್ಮತ್‌ನ ಮೇಲೆ ದಿನಗಟ್ಟಲೆ ಹೊಡೆದರು. ಲೆಕ್ಕ ಸುಲಭ: 26 ಕೂಡಿಸು 83, 109. ಆಗಸ್ಟ್ 29, 1982ರಂದು ಸಿಕ್ಕಿದ್ದು ಒಂದೇ ಒಂದು ಪರಮಾಣು. ಅದೂ ಉಳಿದದ್ದು ಸುಮಾರು 5 ಮಿಲಿಸೆಕೆಂಡ್!

ಅದು ಆಲ್ಫಾ ಕಣ ಉಗುಳಿ 107 ಆಯಿತು, ಮತ್ತೊಂದು ಉಗುಳಿ 105, ಆಮೇಲೆ 104. ಕೊನೆಗೆ ಎರಡು ಹೋಳಾಯಿತು. ವಿದಳನ! ಮೈಟ್ನರ್ ಜಗತ್ತಿಗೆ ಅರ್ಥ ಮಾಡಿಸಿದ್ದ ಅದೇ ಕ್ರಿಯೆ. ನೂರರ ಗಡಿಯಾಚೆ ಆ ಪರಮಾಣು ಅಷ್ಟು ಹೊತ್ತು ನಿಂತದ್ದು ಒಳಗಿನ ಪ್ರೋಟಾನ್, ನ್ಯೂಟ್ರಾನ್‌ಗಳು ಪದರಪದರವಾಗಿ ಜೋಡಿಕೊಂಡಿದ್ದರಿಂದ. ಬರೀ ಹನಿಯಾಗಿದ್ದರೆ ನಿಲ್ಲುತ್ತಿರಲಿಲ್ಲ.

1997ರಲ್ಲಿ 109ಕ್ಕೆ ಮೈಟ್ನೇರಿಯಂ ಅನ್ನೋ ಹೆಸರು ಅಧಿಕೃತವಾಯಿತು. 105ಕ್ಕೆ ಅಮೆರಿಕದವರು ಸೂಚಿಸಿದ್ದ 'ಹಾನಿಯಂ' ಅದೇ ವರ್ಷ ಬಿದ್ದುಹೋಗಿ ದುಬ್ನಿಯಂ ಬಂತು. ಪ್ರಶಸ್ತಿ ಹಾನ್ ಅವರದ್ದಾಯಿತು, ಕೋಷ್ಟಕದ ಮನೆ ಮೈಟ್ನರ್ ಅವರದ್ದು. ಸಮ ಆಯ್ತು ಅಂತ ನನಗನ್ನಿಸುವುದಿಲ್ಲ. ಹೆಸರಿಟ್ಟದ್ದನ್ನು ನೋಡಲು ಆಕೆ ಇರಲಿಲ್ಲವಲ್ಲ.

ಅಕ್ಕನ ಮಗಳು ಮಾತಾಡಲಿಲ್ಲ. ಹೈಲೈಟರ್ ತೆಗೆದುಕೊಂಡು 109ರ ಮನೆಗೆ ಹಳದಿ ಬಳಿದಳು.